ಪೂರಿಗಾಲಿಯ ನಿಂಗಿಗೆ ಮಾತು ಬಂದದ್ದು

ಕೆಲಸಕ್ಕೆ ಸೇರಿದ ದಿನ ನನಗೆ ಮಗುವಿನ ತೂಕ ನೋಡುವ ತಕ್ಕಡಿ ಕೊಟ್ಟರು, ಜ್ವರ ನೋಡುವ ಥರ್ಮಾಮೀಟರು ಕೊಟ್ಟರು, ಹೊಕ್ಕುಳಬಳ್ಳಿಗೆ ಕತ್ತರಿ, ದಾರ ಕೊಟ್ಟರು. ಎಲ್ಲವೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿತ್ತು. ಮಗುವಿಗೆ ಮಾತು ಬಂದಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಮಾತ್ರ ಏನೂ ಕೊಡಲಿಲ್ಲ. ಅದು ನಮ್ಮ ಕೆಲಸವೆಂದು ಯಾರೂ ಎಣಿಸಿರಲಿಲ್ಲ. ಆದರೆ ಬಾಣಂತಿಯ ಮನೆಗೆ ಹೋದ ನರ್ಸಮ್ಮನನ್ನು ಜನ ಬಾಣಂತಿಯ ವಿಷಯ ಮಾತ್ರ ಕೇಳಿ ಕಳಿಸುವುದಿಲ್ಲ. ಹಟ್ಟಿಯ ಬಾಗಿಲಲ್ಲಿ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಒಬ್ಬಳು ಕಾದಿರುತ್ತಿದ್ದಳು. "ನರ್ಸಮ್ಮ, ಇದಿನ್ನೂ ಅವ್ವ ಅಂದಿಲ್ಲ ಕಣಮ್ಮ, ವಸಿ ನೋಡಿ" ಎನ್ನುತ್ತಿದ್ದಳು.

ಈಗ ನಮ್ಮ ಕೆಲಸಕ್ಕೆ ಬರುವ ಹುಡುಗಿಯರು ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಹೇಗಿತ್ತು, ಹೇಳಿ" ಎಂದು ಕೇಳುತ್ತಾರೆ. ಹೆರಿಗೆಯ ಕಥೆಗಳನ್ನು ಅವರು ಯಾರಿಂದಲಾದರೂ ಕೇಳಬಹುದು. ನಾನು ಮಾತಿನ ಕಥೆಯನ್ನೇ ಬರೆಯುತ್ತೇನೆ. ನನ್ನ ಕೆಲಸದಲ್ಲಿ ನನಗೆ ಅತ್ಯಂತ ಹೆಚ್ಚು ಹಿಡಿಸಿದ್ದು ಅದು.

ಮೊದಲು ಇದ್ದದ್ದು ಮಂಡ್ಯದಲ್ಲಿ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಲ್ಲಿ ಒಂದು ಕಛೇರಿಯ ಗುಮಾಸ್ತರ ಮನೆಗೆ ಎರಡನೇ ಹೆರಿಗೆಗೆಂದು ಹೋಗಿಬರುತ್ತಿದ್ದೆ. ಅವರ ಮೊದಲ ಮಗ ಮೂರು ವರ್ಷದವನು, ಚೂಟಿಯಾಗಿದ್ದ. ಮನೆಗೆ ಯಾರು ಬಂದರೂ ಗುಮಾಸ್ತರು ಅವನನ್ನು ನಡುಮನೆಯಲ್ಲಿ ನಿಲ್ಲಿಸಿ, "ಶ್ಲೋಕ ಹೇಳು, ಹೇಳು, ಎಲ್ಲಿ, ಹೇಳು" ಎನ್ನುತ್ತಿದ್ದರು. ಒಂದಕ್ಷರ ತಪ್ಪಿದರೆ ಮೊದಲಿಂದ. ಕೆಲವು ತಿಂಗಳಲ್ಲಿ ಹುಡುಗ ತೊದಲಲು ತೊಡಗಿದ. "ನೀ... ನೀ... ನೀ..." ಎಂದು ನೀರು ಕೇಳುವಷ್ಟರಲ್ಲಿ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಗುಮಾಸ್ತರು, "ಸರಿಯಾಗಿ ಹೇಳಿದರೇ ನೀರು" ಎನ್ನುತ್ತಿದ್ದರು. ಅದು ಶಿಸ್ತು ಎಂದೇ ಅವರು ನಂಬಿದ್ದರು, ಕೆಟ್ಟ ಮನುಷ್ಯರಲ್ಲ.

ಒಂದು ಬೆಳಿಗ್ಗೆ ಬಾಣಂತಿಗೆ ನೀರು ಹಾಕಿ ಬರುವಾಗ ಹಿತ್ತಿಲಲ್ಲಿ ಮಾತು ಕೇಳಿಸಿತು. ಹುಡುಗ ಹಸುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತಮ್ಮ ಹುಟ್ಟಿದ್ದನ್ನು ವಿವರವಾಗಿ ಹೇಳುತ್ತಿದ್ದ. ಎಲ್ಲೂ ತೊದಲಲಿಲ್ಲ. ನಾನು ಗುಮಾಸ್ತರನ್ನು ಕೈಸನ್ನೆ ಮಾಡಿ ಕರೆದು ಬಾಗಿಲ ಸಂದಿಯಲ್ಲಿ ನಿಲ್ಲಿಸಿದೆ. ಅವರು ಕೇಳಿದರು. ಬಹಳ ಹೊತ್ತು ನಿಂತು ಕೇಳಿದರು.

"ಹಸು ಏನು ಮಾಡ್ತಿದೆ ನೋಡಿ ಸ್ವಾಮಿ. ಸುಮ್ಮನೆ ಕೇಳ್ತಿದೆ, ತಿದ್ತಾ ಇಲ್ಲ" ಎಂದೆ.

ಅವರಿಗೆ ನಗು ಬಂತೋ ಬೇಸರ ಬಂತೋ ತಿಳಿಯಲಿಲ್ಲ. ಆದರೆ ಅಂದಿನಿಂದ ನಡುಮನೆಯ ಶ್ಲೋಕ ನಿಂತಿತು. ಹುಡುಗ ಮಾತು ಮುಗಿಸುವವರೆಗೂ ಬಾಯಿ ಹಾಕಬಾರದೆಂದು ಗುಮಾಸ್ತರು ಹೆಂಡತಿಗೂ ಹೇಳಿದರಂತೆ. ಪುಟ್ಟ ತಮ್ಮನಿಗೆ ಹಲ್ಲು ಪೂರ್ತಿ ಬರುವುದಕ್ಕೆ ಮುಂಚೆ ಅಣ್ಣನ ತೊದಲು ಹೋಗಿತ್ತು. ಎಲ್ಲ ತೊದಲೂ ಹೀಗೆ ಹೋಗುವುದಿಲ್ಲ, ಅದನ್ನು ಆಮೇಲೆ ಕಂಡೆ. ಆದರೆ ಮನೆಯವರು ಕಾಯುವುದನ್ನು ಕಲಿತರೆ ಮಗುವಿಗೆ ಅರ್ಧ ಭಾರ ಇಳಿಯುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ.

ನಮ್ಮ ಮೇಲ್ವಿಚಾರಕಿ ಆಗ ಮೈಸೂರಿನ ಕಡೆಯ ಒಬ್ಬ ದಪ್ಪ ಕನ್ನಡಕದ ಹೆಂಗಸು. ಬಹಳ ಬಿಗಿ. "ಒಂದು ಮನೇಲಿ ಇಷ್ಟು ಹೊತ್ತು ಕೂತು ಹರಟೆ ಹೊಡೀತೀಯಂತೆ?" ಎಂದು ಕೇಳಿದರು. ಆ ಹುಡುಗನ ವಿಷಯ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ತೂಕ ಮೊದಲು ನೋಡು, ಆಮೇಲೆ ಹರಟೆ ಹೊಡಿ" ಎಂದರು. ಅದನ್ನು ನಾನು ಅಪ್ಪಣೆ ಎಂದೇ ತೆಗೆದುಕೊಂಡೆ.

ಮದ್ದೂರಿಗೆ ವರ್ಗವಾದಾಗ ಇನ್ನೊಂದು ಪಾಠವಾಯಿತು. ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಕಮ್ಮಾರರ ಮನೆ. ಮಗ ಸಿದ್ದ ಮೂರು ತುಂಬಿದರೂ ಮಾತಾಡುತ್ತಿರಲಿಲ್ಲ. "ಕಿವಿ ಚುರುಕಾಗದೆ ನರ್ಸಮ್ಮ. ರೈಲು ಬರೋಕೆ ಮುಂಚೇನೇ ಬಾಗ್ಲಿಗೆ ಓಡ್ತಾನೆ" ಎಂದು ತಾಯಿ ಹೇಳಿದಳು. ನಾನೂ ನೋಡಿದೆ. ನಿಜ, ಓಡುತ್ತಿದ್ದ.

ಮದ್ದೂರಿನ ಡಾಕ್ಟರು ಒರಟು ಬಾಯಿಯ ಒಳ್ಳೆಯ ಮನುಷ್ಯ. ಕರೆದುಕೊಂಡು ಬಾ ಎಂದರು. ಸಿದ್ದನನ್ನು ತಾಯಿಯ ಹೆಗಲ ಮೇಲೆ ಹಾಕಿಸಿ, ಕಾಲು ನೆಲ ಮುಟ್ಟದ ಹಾಗೆ ನೋಡಿಕೊಂಡು, ಅವನ ಬೆನ್ನ ಹಿಂದೆ ಪೂಜೆಯ ಗಂಟೆ ಬಾರಿಸಿದರು. ಹುಡುಗ ತಾಯಿಯ ಬೈತಲೆಯ ಕೂದಲು ಎಳೆಯುತ್ತ ಆಡುತ್ತಿದ್ದ, ತಿರುಗಲಿಲ್ಲ. ಇನ್ನೂ ಹತ್ತಿರ ಬಾರಿಸಿದರು. ನಮ್ಮ ಕಿವಿ ಗುಂಯ್ ಎಂದಿತು. ಅವನು ತಿರುಗಲಿಲ್ಲ.

"ರೈಲನ್ನ ಕಿವಿಯಲ್ಲಿ ಕೇಳ್ತಿರಲಿಲ್ಲ, ಅಂಗಾಲಲ್ಲಿ ಕೇಳ್ತಿದ್ದ" ಎಂದರು ಡಾಕ್ಟರು. ತಾಯಿ ಅಳುತ್ತ ಹೊರಗೆ ಹೋದ ಮೇಲೆ ನನಗೆ ಹೇಳಿದರು: "ಸುಳ್ಳು ಧೈರ್ಯ ಕೊಡಬೇಡ. ಬರಿಗೈಲೂ ಕಳಿಸಬೇಡ."

ಏನು ಕೊಡುವುದು? ನನಗೆ ತಿಳಿದದ್ದು ಕಡಿಮೆ. ಇಷ್ಟು ಮಾಡಿದೆ: ಆ ಮನೆಗೆ ಹೋದಾಗಲೆಲ್ಲ ಕೈಸನ್ನೆಗೆ ಬೈಯಬೇಡಿ, ಕೈಯಲ್ಲೇ ಅವನ ಜೊತೆ ಮಾತಾಡಿ, ಒಂದೊಂದಕ್ಕೂ ಒಂದೊಂದೇ ಸನ್ನೆ ಇರಲಿ, ಮನೆಮಂದಿಗೆಲ್ಲ ಅದೇ ಇರಲಿ ಎನ್ನುತ್ತಿದ್ದೆ. ಅವನಿಗೆ ಬಾಯಿಮಾತು ಬರಲಿಲ್ಲ. ಆದರೆ ಅವನ ಅಪ್ಪ ತಿದಿಯ ಮುಂದೆ ಕೂತು ಕಣ್ಣಲ್ಲೇ ಅವನಿಗೆ ಕೆಲಸ ಹೇಳುತ್ತಿದ್ದುದನ್ನೂ ಅವನು ಕಬ್ಬಿಣ ಕೆಂಪಾದ ಹದ ನೋಡಿ ಕೈಯೆತ್ತುತ್ತಿದ್ದುದನ್ನೂ ಎಷ್ಟೋ ವರ್ಷದ ಮೇಲೆ ನೋಡಿದೆ. ಅವನು ಮದ್ದೂರಿನ ಸುತ್ತಮುತ್ತ ಹೆಸರಿರುವ ಕಮ್ಮಾರನಾದ.

ಮಾತಾಡದ ಮಗು ಎಂದರೆ ಮೊದಲು ಕಿವಿ ನೋಡಿ. ನೆಲ ಅಲುಗದ ಹಾಗೆ, ಗಾಳಿ ಬೀಸದ ಹಾಗೆ, ನೆರಳು ಬೀಳದ ಹಾಗೆ ನೋಡಿ. ನಾನು ಕಲಿತದ್ದು ಹೀಗೆ, ನೀವೂ ಹೀಗೇ ಮಾಡಿ.

ಆಮೇಲೆ ನನಗೆ ಮಳವಳ್ಳಿ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ಇಳಿದು ತಳ್ಳಬೇಕು, ಸೀರೆಯ ಸೆರಗೆಲ್ಲ ಮಸಿ. ಪೂರಿಗಾಲಿಗೆ ಒಂದು ಹೆರಿಗೆಗೆ ಹೋದವಳು ಪಕ್ಕದ ಮನೆಯ ಜಗಲಿಯಲ್ಲಿ ನಿಂಗಿಯನ್ನು ಕಂಡೆ. ನಾಲ್ಕಕ್ಕೆ ಹತ್ತಿರದ ಹುಡುಗಿ. ಕೊರಳಲ್ಲಿ ಹರಕೆಯ ಕರಿದಾರ, ಅದಕ್ಕೊಂದು ಪುಟ್ಟ ಗಂಟೆ.

ಮನೆಯ ಯಜಮಾನ ಬೋರೇಗೌಡ, ಮಗುವಿನ ತಾತ. ಎತ್ತರದ ಆಳು, ದೊಡ್ಡ ಮೀಸೆ, ಹೆಂಡತಿ ತೀರಿಕೊಂಡಿದ್ದಳು.

"ಅದ್ನೇನ್ ನೋಡ್ತೀಯೆ ನರ್ಸಮ್ಮ, ಮೂಗಿ ಅದು" ಎಂದ. "ಬಜೆ ತೇದು ನಾಲ್ಗೆಗೆ ತಿಕ್ಕಿದ್ದಾಯ್ತು. ಗಿಣಿ ಕಚ್ಚಿದ ಅಣ್ಣು ತಿನ್ನಿಸಿದ್ದಾಯ್ತು. ಅರಕೆ ಒತ್ತಿದ್ದಾಯ್ತು. ನಮ್ ವಂಸದಲ್ಲಿ ಯಾರೂ ಇಂಗಿರ್ನಿಲ್ಲ. ತಾಯ್ ಕಡೆಯಿಂದ ಬಂದದ್ದು ಕಣಮ್ಮ ಇದು."

ತಾಯಿ ಚಿಕ್ಕತಾಯಿ ಬಾಗಿಲ ಹಿಂದೆ ನಿಂತಿದ್ದಳು. ಮಾವನ ಎದುರು ಅವಳು ಬಾಯಿ ತೆರೆಯುತ್ತಿರಲಿಲ್ಲ.

ಆ ಮನೆಯವರು ರೇಷ್ಮೆಹುಳು ಸಾಕುತ್ತಿದ್ದರು. ಯುದ್ಧದ ಪ್ಯಾರಾಚೂಟುಗಳಿಗೆ ಬೇಕೆಂದು ರೇಷ್ಮೆಗೆ ಗಿರಾಕಿ ಜೋರು, ನಡುಮನೆಯ ತುಂಬ ಬಿದಿರಿನ ತಟ್ಟೆಗಳೇ. ಹುಳುಗಳು ದೊಡ್ಡವಾಗಿ ಹಗಲಿರುಳು ಸೊಪ್ಪು ತಿನ್ನುವ ಹೊತ್ತು ಅದು. ಹಿಪ್ಪುನೇರಳೆ ಸೊಪ್ಪನ್ನು ಸಾವಿರ ಬಾಯಿ ಒಟ್ಟಿಗೆ ಕಡಿಯುವಾಗ ಸಣ್ಣ ಮಳೆ ಬಂದ ಹಾಗೆ ಸದ್ದಾಗುತ್ತದೆ. ನಿಂಗಿ ಒಂದು ತಟ್ಟೆಯ ಪಕ್ಕ ಕೂತಳು. ಕತ್ತು ವಾಲಿಸಿದಳು. ಕಿವಿಯನ್ನು ತಟ್ಟೆಗೆ ಹತ್ತಿರ ತಂದು, ಕಣ್ಣು ಅರ್ಧ ಮುಚ್ಚಿ, ಹಾಗೇ ಇದ್ದಳು.

ಒಣಗಿದ ಒಂದು ಎಲೆ ಎತ್ತಿಕೊಂಡು ಅವಳ ಹಿಂದೆ ದೂರದಲ್ಲಿ ನಿಂತು ಮುಷ್ಟಿಯೊಳಗೆ ಪುಡಿಮಾಡಿದೆ. ಅವಳು ತಿರುಗಿ ನೋಡಿದಳು. ಇನ್ನೊಂದು ಬದಿಗೆ ಹೋಗಿ ಮತ್ತೆ ಮಾಡಿದೆ. ಆ ಕಡೆಗೂ ತಿರುಗಿದಳು.

"ಗೌಡ್ರೇ, ಇವಳಿಗೆ ನಿಮಗಿಂತ ಚೆನ್ನಾಗಿ ಕೇಳುತ್ತೆ" ಎಂದೆ.

"ಕೇಳಿದ್ರೆ ಮಾತಾಡ್ಬೇಕಲ್ಲ?"

ಅದನ್ನು ತಿಳಿಯಲೆಂದು ಪಕ್ಕದ ಮನೆಯ ಬಾಣಂತಿಯ ನೆಪದಲ್ಲಿ ವಾರಕ್ಕೊಮ್ಮೆ ಬಂದು ಆ ಮನೆಯನ್ನು ನೋಡುತ್ತ ಹೋದೆ. ಚಿಕ್ಕತಾಯಿ ಕೋಳಿ ಕೂಗುವ ಹೊತ್ತಿಗೆ ಸೊಪ್ಪಿಗೆ ಹೊರಟರೆ, ಬಂದು ತಟ್ಟೆ ಗುಡಿಸಿ, ಸೊಪ್ಪು ಹಾಕಿ, ಮತ್ತೆ ತೋಟಕ್ಕೆ. ಅವಳ ಗಂಡ ಮರಿಗೌಡ ಎತ್ತಿನ ಜೊತೆ ಮಾತ್ರ ಮಾತಾಡುವವನು. ಬೋರೇಗೌಡ ಮಾತಾಡುವುದೆಲ್ಲ ಅರಳಿಕಟ್ಟೆಯಲ್ಲಿ. ಮಗು ಇಡೀ ದಿನ ಇರುತ್ತಿದ್ದದ್ದು ಬೋರೇಗೌಡನ ತಾಯಿ ಕೆಂಪಜ್ಜಿಯ ಮಡಿಲಲ್ಲಿ. ಕೆಂಪಜ್ಜಿಗೆ ಎಳವೆಯಲ್ಲೇ ಜ್ವರ ಬಂದು ಕಿವಿ ಹೋಗಿತ್ತು, ಮಾತೂ ಇರಲಿಲ್ಲ.

ಅವರಿಬ್ಬರನ್ನು ನೋಡುವುದೇ ಒಂದು ಚೆಂದ. ಅಜ್ಜಿ ಅಂಗೈಯ ಅಂಚನ್ನು ಬೆರಳಲ್ಲಿ ಕಡಿದ ಹಾಗೆ ಮಾಡಿದರೆ ಅದು ಹುಳು. ಮಣಿಕಟ್ಟನ್ನು ಸುತ್ತಿ ತೋರಿಸಿದರೆ ಬಳೆ, ಅಂದರೆ ಚಿಕ್ಕತಾಯಿ. ನಿಂಗಿ ಪಟಪಟನೆ ಕೈಯಲ್ಲಿ ಉತ್ತರ ಕೊಡುತ್ತಿದ್ದಳು, ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು. ಮಗು ಮೂಗಿಯಾಗಿರಲಿಲ್ಲ. ಮನೆಯಲ್ಲಿ ಅವಳ ಜೊತೆ ಮಾತಾಡುವವಳು ಒಬ್ಬಳೇ, ಅವಳು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಳೋ ಆ ಭಾಷೆಯನ್ನು ನಿಂಗಿ ಕಲಿತಿದ್ದಳು.

ಒಂದು ದಿನ ಹಿಪ್ಪುನೇರಳೆ ತೋಟದಲ್ಲಿ ಚಿಕ್ಕತಾಯಿ ನನ್ನನ್ನು ತಡೆದಳು.

"ನರ್ಸಮ್ಮ, ನಮ್ ಮಾವ ನಮ್ ಯಜಮಾನ್ರಿಗೆ ಇನ್ನೊಂದು ಎಣ್ಣು ನೋಡವ್ರೆ. ಗೌರಿ ಅಬ್ಬ ಕಳುದ್ರೆ ನನ್ನೂ ಮಗೀನೂ ತೌರಿಗೆ ಬುಟ್ಟು ಬತ್ತಾರಂತೆ. ಮೂಗಿ ಎತ್ತೋಳು ಇನ್ನೂ ಮೂಗರ್ನೇ ಎತ್ತಾಳೆ ಅಂತಾರೆ." ಕುಯ್ಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ತೌರಲ್ಲಿ ಅಣ್ಣ ಅತ್ತಿಗೆ. ಎಷ್ಟ್ ದಿನ ಇಟ್ಕತ್ತಾರೆ?"

"ನಿನ್ನ ಮಗಳು ಮಾತಾಡ್ತಾಳೆ" ಎಂದೆ. ಅಷ್ಟು ಧೈರ್ಯವಾಗಿ ಹೇಳಿದ್ದು ನೆನೆದರೆ ಈಗಲೂ ಆಶ್ಚರ್ಯ. ಆದರೆ ನನಗೆ ಖಾತ್ರಿಯಿತ್ತು. ನೆಟ್ಟಗೆ ಬೋರೇಗೌಡನ ಹತ್ತಿರ ಹೋಗಿ, ಮಗು ದಿನವೆಲ್ಲ ಅಜ್ಜಿಯ ಹತ್ತಿರ ಇರುವುದರಿಂದ ಕೈಮಾತು ಕಲಿತಿದೆ, ಬಾಯಿಮಾತು ಅದರ ಕಿವಿಗೆ ಬೀಳುತ್ತಲೇ ಇಲ್ಲ, ಅದನ್ನು ನಾವು ಕಲಿಸಬೇಕು ಎಂದು ಬಿಡಿಸಿ ಹೇಳಿದೆ. ಅವನು ಮೀಸೆ ನೀವುತ್ತ ಕೇಳಿದ.

ಮುಂದಿನ ವಾರ ಹೋದರೆ ಜಗಲಿ ಖಾಲಿ. ಕೆಂಪಜ್ಜಿ ಇಲ್ಲ.

"ನಮ್ಮವ್ವನ್ನ ಮಳವಳ್ಳಿ ತವ ನಮ್ ತಂಗಿ ಮನೆಗೆ ಬುಟ್ಟು ಬಂದೆ" ಎಂದ ಬೋರೇಗೌಡ. "ಅವಳಿಂದ್ಲೇ ಅಲ್ವಾ ಈ ಮಗು ಕೆಟ್ಟಿದ್ದು? ನೀನೇ ಅಂದೆಯಲ್ಲ."

ನಿಂಗಿ ತಟ್ಟೆಗಳ ಸಂದಿಯಲ್ಲಿ ಮುದುಡಿ ಮಲಗಿದ್ದಳು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಮುದ್ದೆ ಮುಟ್ಟುತ್ತಿಲ್ಲ, ಹಾಲೂ ಮುಟ್ಟುತ್ತಿಲ್ಲ ಎಂದು ಚಿಕ್ಕತಾಯಿ ಪಿಸುಗುಟ್ಟಿದಳು. ನಾನು ಅಂಗೈ ಅಂಚಿಗೆ ಬೆರಳಿಟ್ಟು ಹುಳುವಿನ ಸನ್ನೆ ಮಾಡಿದೆ. ಮಗು ನೋಡಿ ಗೋಡೆಯ ಕಡೆಗೆ ತಿರುಗಿತು. ಕೈಯೂ ಮಾತು ಬಿಟ್ಟಿತ್ತು.

"ಗೌಡ್ರೇ, ನಾನು ಹೇಳಿದ್ದು ಮಾತು ಸೇರಿಸಿ ಅಂತ. ಅಜ್ಜೀನ ಕಿತ್ತುಹಾಕಿ ಅಂತ ಅಲ್ಲ" ಎಂದೆ. ಕೂಗಿಯೇ ಹೇಳಿದೆ. "ಈ ಮಗುವಿಗೆ ಈ ಮನೇಲಿ ಇದ್ದದ್ದು ಒಬ್ಬಳೇ ಒಬ್ಬಳು. ಅವಳನ್ನ ಕರ್ಕೊಂಡು ಬನ್ನಿ."

"ಒಂದ್ಸಲ ಕಳ್ಸಿದ್ಮೇಲೆ ಕಳ್ಸಿದ್ದೇಯ. ನಾನ್ ಓಗಾಕಿಲ್ಲ" ಎಂದ ಬೋರೇಗೌಡ.

ಆಗ ಹಟ್ಟಿಯಲ್ಲಿ ಸದ್ದಾಯಿತು. ಮರಿಗೌಡ ಎತ್ತು ಬಿಚ್ಚಿಕೊಂಡು ಬಂದು ಗಾಡಿಗೆ ಕಟ್ಟುತ್ತಿದ್ದ. ಅಪ್ಪನನ್ನು ಕೇಳಲಿಲ್ಲ, ನಮ್ಮ ಕಡೆ ನೋಡಲೂ ಇಲ್ಲ. ನೊಗದ ಕಣ್ಣಿ ಬಿಗಿದು ಹತ್ತಿ ಕೂತ.

"ಎತ್ಲಾಗ್ಲಾ?" ಎಂದು ಬೋರೇಗೌಡ ಗದರಿದ.

"ಅಜ್ಜೀನ ಕರ್ಕ ಬತ್ತೀನಿ" ಎಂದ ಮರಿಗೌಡ. ಆ ಮನೆಯಲ್ಲಿ ನಾನು ಕೇಳಿದ ಅವನ ಮೊದಲ ಮಾತು ಅದು. ಗಾಡಿ ಹೊರಟೇಬಿಟ್ಟಿತು.

ಸಂಜೆಗೆ ಅಜ್ಜಿ ಬಂದಳು. ಗಾಡಿ ನಿಲ್ಲುವ ಮುಂಚೆ ನಿಂಗಿ ಎದ್ದು ಕೂತು, ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಹೋದಳು. ಆ ದಿನ ಅಜ್ಜಿಯ ಕೈಯಿಂದ ಗಂಜಿ ಕುಡಿದಳು. ನಾನು ಪಕ್ಕದ ಮನೆಯಲ್ಲೇ ಉಳಿದು ಜ್ವರ ಇಳಿದದ್ದನ್ನು ನೋಡಿಕೊಂಡು ಬಂದೆ. ಮಳವಳ್ಳಿಯ ಡಾಕ್ಟರಿಗೆ ಹೇಳಿದಾಗ ಅವರು, "ಇದ್ದ ಭಾಷೇನೂ ಕಿತ್ತುಕೊಂಡರೆ ಮಗು ಯಾವುದರ ಮೇಲೆ ನಿಂತು ಇನ್ನೊಂದನ್ನ ಎಟುಕಿಸಿಕೊಳ್ಳುತ್ತೆ?" ಎಂದರು. ನಾನು ಮಾಡಬೇಕೆಂದಿದ್ದುದನ್ನು ಅವರು ಒಂದೇ ಮಾತಿನಲ್ಲಿ ಸ್ಪಷ್ಟ ಮಾಡಿದರು.

ಮಾಡಿದ್ದು ಬಹಳ ಸರಳ. ಅಜ್ಜಿ ಕೈಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿದ್ದವರು ಬಾಯಲ್ಲಿ ಹೇಳಬೇಕು. ಅಜ್ಜಿ ಹುಳು ಎಂದರೆ ಚಿಕ್ಕತಾಯಿ "ಉಳ" ಎನ್ನಬೇಕು.

"ಏನ್ ಮಾತಾಡ್ಲಿ ನರ್ಸಮ್ಮ ಮಗಿನ್ತವ? ಅದೇನ್ ಮಾತಾಡದಾ? ಗ್ವಾಡೆ ಜೊತೆ ಆಡ್ದಂಗಾಯ್ತದೆ" ಎಂದಳು ಅವಳು. ಮಾವನ ಎದುರು ದನಿ ತೆಗೆಯುವುದಕ್ಕೂ ಅಳುಕು. ಅದಕ್ಕೇ ತೋಟದಲ್ಲಿ ಶುರುಮಾಡಿದೆವು. ಮಗುವನ್ನೂ ಅಜ್ಜಿಯನ್ನೂ ಸೊಪ್ಪಿಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗುವುದು. ಕೈ ಮಾಡುತ್ತಿದ್ದ ಕೆಲಸವನ್ನೇ ಬಾಯಿ ಹೇಳುವುದು. "ಸೊಪ್ಪು ಕುಯ್ತೀನಿ. ಎಳೇ ಸೊಪ್ಪು. ಬುಟ್ಟಿಗೆ ಆಕ್ತೀನಿ. ಬುಟ್ಟಿ ತುಂಬ್ತು." ಹೇಳಿ, ಮಗುವಿನ ಮುಖ ನೋಡಿ, ಒಂದು ಉಸಿರಿನಷ್ಟು ಕಾಯುವುದು. ಹೇಳು ಹೇಳು ಎಂದು ಪೀಡಿಸಬಾರದು. ಮಗು ಕೈಯಲ್ಲಿ ಕೇಳಿದರೂ ಕೊಡಬೇಕು, ಕೊಡುವಾಗ ಹೆಸರು ಹೇಳಬೇಕು.

ಮೊದಮೊದಲು ಚಿಕ್ಕತಾಯಿ ನಾಚಿ ನಗುತ್ತಿದ್ದಳು. ಬರಬರುತ್ತ ಅವಳಿಗೇ ರುಚಿ ಹತ್ತಿತು. ಮದುವೆಯಾಗಿ ಬಂದ ಮೇಲೆ ಅಷ್ಟು ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ತೌರಿನ ಬಾವಿಯ ಕಥೆ, ಅತ್ತಿಗೆಯ ಜಗಳ ಎಲ್ಲ ಮಗುವಿಗೆ ಹೇಳತೊಡಗಿದಳು. ತಿಂಗಳುಗಳು ಕಳೆದವು. ನಿಂಗಿ ಕೇಳುತ್ತಿದ್ದಳು, ನಗುತ್ತಿದ್ದಳು, ಹೇಳಿದ್ದನ್ನು ತಂದುಕೊಡುತ್ತಿದ್ದಳು. ಬಾಯಿ ಮಾತ್ರ ಬಿಡಲಿಲ್ಲ. ಗೌರಿ ಹಬ್ಬ ಹತ್ತಿರವಾಯಿತು. ಹೆಣ್ಣಿನ ಕಡೆಯವರು ಬಂದು ಹೋದರು ಎಂದು ಕೇಳಿದೆ. ಚಿಕ್ಕತಾಯಿ ಒಣಗಿ ಕಡ್ಡಿಯಾದಳು, ಆದರೂ ಮಾತಾಡುವುದನ್ನು ಬಿಡಲಿಲ್ಲ. "ತಲುಪುತ್ತಿದೆ, ಅರ್ಥ ಮಾಡ್ಕೊತಿದ್ದಾಳಲ್ಲ, ಒಳಗೆ ತುಂಬ್ತಾ ಇದೆ" ಎಂದು ನಾನು ಹೇಳುತ್ತಲೇ ಇದ್ದೆ.

ಆ ದಿನ ನಾನು ಅಲ್ಲೇ ಇದ್ದೆ. ಹೊಸ ಹುಳುಗಳು ಮತ್ತೆ ದೊಡ್ಡವಾಗಿದ್ದವು. ತಟ್ಟೆಯಲ್ಲಿ ಸೊಪ್ಪು ಮುಗಿದು ಬರೀ ದಂಟು ಉಳಿದಿತ್ತು, ತಿನ್ನುವ ಸದ್ದು ನಿಂತಿತ್ತು. ಚಿಕ್ಕತಾಯಿ ಒಲೆಯ ಮುಂದೆ. ಬೋರೇಗೌಡ ಹೆಗಲ ಮೇಲೆ ಟವೆಲು ಹಾಕಿಕೊಂಡು ಕಟ್ಟೆಗೆ ಹೊರಟಿದ್ದ. ನಿಂಗಿ ಎದ್ದು ಹೋಗಿ ಅವನ ಪಂಚೆಯ ಅಂಚು ಹಿಡಿದಳು. ತಟ್ಟೆಯ ಕಡೆ ಕೈ ತೋರಿಸಿ, ಅಂಗೈಯ ಅಂಚು ಕಡಿದು ತೋರಿಸಿ, ಮುಖವೆತ್ತಿ ಹೇಳಿದಳು:

"ತಾತ, ಚೊಪ್ಪು."

ಒಳಗೆ ಚಿಕ್ಕತಾಯಿಯ ಕೈಯಿಂದ ಸೌಟು ಬಿತ್ತು. ಬೋರೇಗೌಡ ನಿಂತಲ್ಲೇ ನಿಂತ. ನಿಂಗಿಗೆ ಅವನು ಕೇಳಿಸಿಕೊಳ್ಳಲಿಲ್ಲವೇನೋ ಅನ್ನಿಸಿರಬೇಕು, ಪಂಚೆ ಜಗ್ಗಿ ಜೋರಾಗಿ ಮತ್ತೆ, "ಚೊಪ್ಪು!" ಎಂದಳು.

ಅವನು ಟವೆಲನ್ನು ತಲೆಗೆ ಸುತ್ತಿ, ಮೂಲೆಯಲ್ಲಿದ್ದ ಬುಟ್ಟಿ ಎತ್ತಿಕೊಂಡು ತೋಟದ ಕಡೆಗೆ ನಡೆದ. ಅದು ಹೆಂಗಸರ ಕೆಲಸವೆಂದು ಅವನು ಅದುವರೆಗೂ ಸೊಪ್ಪು ಕುಯ್ದವನಲ್ಲ.

ಹೆಣ್ಣಿನ ಕಡೆಯವರು ಮತ್ತೆ ಬರಲಿಲ್ಲ. ಯಾರು ಏನು ಹೇಳಿ ಕಳಿಸಿದರೆಂದು ನಾನು ಕೇಳಲೂ ಇಲ್ಲ.

ಆಮೇಲೆ ನಿಂಗಿಯ ಮಾತು ಕಟ್ಟೆ ಒಡೆದ ಹಾಗೆ ಬಂತು. ನನಗೆ ಮಳವಳ್ಳಿಯಿಂದ ವರ್ಗವಾದದ್ದು ಸ್ವಾತಂತ್ರ್ಯ ಬಂದ ವರ್ಷ. ಹೊರಡುವ ಮುಂಚೆ ಪೂರಿಗಾಲಿಗೆ ಹೇಳಿಬರಲು ಹೋದೆ. ಜಗಲಿಯ ಮೇಲೆ ಎಲ್ಲರೂ ಇದ್ದರು, ಪಕ್ಕದ ಮನೆಯವರೂ ಬಂದು ಕೂತಿದ್ದರು. ನಾನು ಹೋಗುತ್ತಿದ್ದೇನೆ ಎಂದು ನಿಂಗಿ ಅಜ್ಜಿಗೆ ಕೈಯಲ್ಲಿ ಹೇಳಿದಳು. ಅಜ್ಜಿ ನನ್ನನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು. ಮೂಗಿನ ಕೆಳಗೆ ಮೀಸೆ ತಿರುವಿದ ಹಾಗೆ ಮಾಡಿ, ತನ್ನ ಎದೆ ಮುಟ್ಟಿಕೊಂಡು, ದೂರ ತಳ್ಳಿದ ಹಾಗೆ ಕೈ ಚಾಚಿ, ಅಂಗೈ ಮೇಲೆ ಮಾಡಿ ಹಿಡಿದಳು.

"ತಾತ, ಅಜ್ಜಿ ಕೇಳ್ತಾವ್ಳೆ" ಎಂದಳು ನಿಂಗಿ. "ಅವತ್ತು ನನ್ನ ಯಾಕೆ ಕಳ್ಸ್ಬುಟ್ಟೆ, ನಾನೇನ್ ಮಾಡಿದ್ದೆ ಅಂತ."

ಇಷ್ಟು ಕಾಲವೂ ಆ ಮುದುಕಿ ಇದನ್ನು ಒಳಗಿಟ್ಟುಕೊಂಡಿದ್ದಳು. ಕೇಳಲು ಅವಳಿಗೆ ಬಾಯಿರಲಿಲ್ಲ. ಅವಳಿಗೆ ಸಮಾಧಾನ ಹೇಳಬೇಕೆಂದು ನಮಗೂ ಯಾರಿಗೂ ತೋಚಿರಲಿಲ್ಲ. ಬೋರೇಗೌಡ ನೆಲ ನೋಡಿದ, ಮೀಸೆಗೆ ಹೋಗಿದ್ದ ಕೈ ಕೆಳಗಿಳಿಯಿತು.

"ಗೊತ್ತಾಗ್ದೆ ಮಾಡ್ದೆ, ತಪ್ಪಾಯ್ತು ಅನ್ನು ಕಣವ್ವ" ಎಂದ ಮೊಮ್ಮಗಳಿಗೆ.

ನಿಂಗಿ ಸ್ವಲ್ಪ ಯೋಚಿಸಿದಳು. ಆಮೇಲೆ ದೇವರ ಮುಂದೆ ಮಾಡುವ ಹಾಗೆ ತನ್ನ ಎರಡು ಕೆನ್ನೆಗೂ ಪಟಪಟ ಹೊಡೆದುಕೊಂಡಳು. ಅಜ್ಜಿ ಗಾಬರಿಯಾಗಿ ಅವಳ ಕೈ ಹಿಡಿದು, ಇಲ್ಲ ಇಲ್ಲ ಎಂದು ತಲೆಯಾಡಿಸಿದಳು. ಅದು ಪುಟ್ಟ ಮರಿಮಗಳು, ಅವಳದೇನು ತಪ್ಪು? ನಿಂಗಿಗೆ ಅರ್ಥವಾಯಿತು.

"ನಾನ್ ಏಳುದ್ರೆ ಅವ್ಳು ಒಪ್ಪಲ್ಲ ತಾತ" ಎಂದಳು. "ನೀನೇ ತಪ್ಪಾಯ್ತು ಅನ್ನು."

ಬೋರೇಗೌಡ ಎದ್ದು ಬಂದು, ಎಲ್ಲರೂ ನೋಡುತ್ತಿದ್ದ ಹಾಗೆ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಕೆನ್ನೆಗೂ ಹೊಡೆದುಕೊಂಡ.